ಊರೂರು ತಿರುಗಿದ ಮನೆ: ಸರ್ಕಸ್ಸಿನ ಕತೆ

"ಸರ್ಕಸ್ ಬಂದೈತಂತ! ಹುಲಿ, ಸಿಂಹ, ಆನಿ ಎಲ್ಲಾ ಅದಾವಂತ!"

ಒಂದು ಕಾಲಕ್ಕೆ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಇಂಥ ಮಾತು ಕೇಳಿಬಂದರೆ ಸಾಕು, ಮಕ್ಕಳು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮೈದಾನದಲ್ಲಿ ದೊಡ್ಡ ಡೇರೆ ಏಳುತ್ತಿತ್ತು. ರಿಕ್ಷಾಕ್ಕೆ ಮೈಕು ಕಟ್ಟಿ ಊರೆಲ್ಲ ಸಾರುತ್ತಿದ್ದರು. ಸುತ್ತಲಿನ ಹಳ್ಳಿಗಳ ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಅಕ್ಕಂದಿರೇ, ನಿಮ್ಮಲ್ಲಿ ಎಷ್ಟೋ ಜನ ಸರ್ಕಸ್ ನೋಡಿದ್ದೀರಿ. ಆನೆ ಸ್ಟೂಲಿನ ಮೇಲೆ ಕುಳಿತದ್ದು, ಹುಲಿ ಬೆಂಕಿಯ ಬಳೆಯೊಳಗಿಂದ ಹಾರಿದ್ದು ನಿಮಗೆ ನೆನಪಿರಬಹುದು. ಈಗಿನ ಸರ್ಕಸ್‌ಗಳಲ್ಲಿ ಹುಲಿ ಇಲ್ಲ, ಸಿಂಹ ಇಲ್ಲ, ಕರಡಿಯೂ ಇಲ್ಲ. ಅವೆಲ್ಲ ಎಲ್ಲಿ ಹೋದವು? ಸರ್ಕಸ್ ಶುರು ಮಾಡಿದವರು ಯಾರು? ಆ ಡೇರೆಯೊಳಗಿನ ಮಂದಿ ಹೇಗೆ ಬದುಕುತ್ತಿದ್ದರು? ತಿಳಿದುಕೊಳ್ಳೋಣ ಬರ್ರಿ.

ಸರ್ಕಸ್ಸಿಗಿಂತ ಮೊದಲು

ಊರೂರು ತಿರುಗಿ ಆಟ ತೋರಿಸುವುದು ನಮ್ಮ ಕಡೆ ಹೊಸದೇನಲ್ಲ. ದೊಂಬರು ಬರುತ್ತಿದ್ದರು. ಎರಡು ಕಡೆ ಗಳ ನೆಟ್ಟು, ಹಗ್ಗ ಕಟ್ಟಿ, ಅದರ ಮೇಲೆ ನಡೆಯುತ್ತಿದ್ದರು. ಅಪ್ಪ ಡೋಲು ಬಾರಿಸಿದರೆ ಮಗಳು ಹಗ್ಗದ ಮೇಲೆ, ತಾಯಿ ತಟ್ಟೆ ಹಿಡಿದು ಜನರ ನಡುವೆ. ಕೋಲೆಬಸವ ಬರುತ್ತಿತ್ತು. ಹಾವಾಡಿಗರು ಬರುತ್ತಿದ್ದರು. ಖಲಂದರರು ಕರಡಿ ಕುಣಿಸುತ್ತ ಬರುತ್ತಿದ್ದರು.

ಇವರೆಲ್ಲರಲ್ಲೂ ಒಂದು ಮಾತು ಸಮ. ಆಟ ಆಡುವುದು ಒಬ್ಬರಲ್ಲ, ಇಡೀ ಮನೆ. ಗಂಡ, ಹೆಂಡತಿ, ಮಕ್ಕಳು, ಸಾಕಿದ ಪ್ರಾಣಿ, ಎಲ್ಲ ಸೇರಿ ದುಡಿದರೆ ಆ ಹೊತ್ತಿನ ಊಟ. ಸರ್ಕಸ್ ಎಂದರೂ ಇದೇ, ಆದರೆ ಬಹಳ ದೊಡ್ಡದು.

ಸರ್ಕಸ್ಸಿನ ಕಣ ದುಂಡಗೆ ಏಕೆ?

ಈಗಿನ ರೀತಿಯ ಸರ್ಕಸ್ ಮೊದಲು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಲಂಡನ್ ನಗರದಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಕುದುರೆ ಸವಾರನಿದ್ದ. 1768ರಲ್ಲಿ ಅವನು ಕುದುರೆಯನ್ನು ದುಂಡಗೆ ಓಡಿಸಿ, ಅದರ ಬೆನ್ನ ಮೇಲೆ ನಿಂತು ಆಟ ತೋರಿಸಿದ.

ದುಂಡಗೇ ಏಕೆ ಓಡಿಸಬೇಕು? ಒಂದು ತಂಬಿಗೆಯಲ್ಲಿ ನೀರು ತುಂಬಿ, ಹಗ್ಗ ಕಟ್ಟಿ, ಜೋರಾಗಿ ಗಿರ್ರನೆ ತಿರುಗಿಸಿ ನೋಡ್ರಿ. ನೀರು ಚೆಲ್ಲುವುದಿಲ್ಲ. ದುಂಡಗೆ ತಿರುಗುವಾಗ ನೀರು ತಂಬಿಗೆಯ ತಳಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಓಡುವ ಕುದುರೆಯ ಮೇಲೆ ನಿಂತವನೂ ಹಾಗೆಯೇ. ಸ್ವಲ್ಪ ಒಳಕ್ಕೆ ವಾಲಿ ನಿಂತರೆ, ಆ ತಿರುಗುವ ಬಲವೇ ಅವನ ಕಾಲನ್ನು ಕುದುರೆಯ ಬೆನ್ನಿಗೆ ಒತ್ತಿ ಹಿಡಿಯುತ್ತದೆ. ಸರ್ಕಸ್ಸಿನ ಕಣದ ಅಗಲ ಸುಮಾರು 42 ಅಡಿ. ನಮ್ಮ ಕಡೆ ಹಂತಿ ಹೊಡೆಯುವ ಕಣ ಇದ್ದ ಹಾಗೆ. ಇದಕ್ಕೆ 'ರಿಂಗ್' ಎನ್ನುತ್ತಾರೆ.

ಕುರುಂದವಾಡದ ಸವಾರ

ನಮ್ಮ ದೇಶದಲ್ಲಿ ಮೊದಲ ಸರ್ಕಸ್ ಕಟ್ಟಿದವರು ದೂರದವರಲ್ಲ. ಹುಬ್ಬಳ್ಳಿಯಿಂದ ಮಿರಜಕ್ಕೆ ಹೋಗುವ ರೈಲು ಹತ್ತಿದರೆ ಅವರ ಸೀಮೆ ಸಿಗುತ್ತದೆ. ನರಸೋಬನ ವಾಡಿಗೆ ಹೋದವರಿಗೆ ಅಲ್ಲೇ ಸಮೀಪದ ಕುರುಂದವಾಡ ಗೊತ್ತಿರುತ್ತದೆ. ಆಗ ಅದು ಪಟವರ್ಧನ ರಾಜರ ಸಂಸ್ಥಾನ. ಅಲ್ಲಿ ವಿಷ್ಣುಪಂತ ಛತ್ರೆ ಎಂಬವರು ರಾಜರ ಕುದುರೆ ಲಾಯದ ಮೇಲ್ವಿಚಾರಕರಾಗಿದ್ದರು. ಎಂಥ ಹಟಮಾರಿ ಕುದುರೆಯನ್ನಾದರೂ ಪಳಗಿಸುವ ಕೈ ಅವರದು.

1879ರ ಸುಮಾರಿಗೆ ಇಟಲಿ ದೇಶದ ಕಿಯಾರಿನಿ ಎಂಬವನ ಸರ್ಕಸ್ ಮುಂಬಯಿಗೆ ಬಂದಿತ್ತು. ವಿಷ್ಣುಪಂತರು ರಾಜರ ಜೊತೆ ಅದನ್ನು ನೋಡಲು ಹೋದರು. ಭಾರತದವರು ಸ್ವಂತ ಸರ್ಕಸ್ ಕಟ್ಟಲು ಇನ್ನೂ ಬಹಳ ವರ್ಷ ಬೇಕು ಎಂದು ಕಿಯಾರಿನಿ ಹೇಳಿದನಂತೆ. ಆ ಮಾತು ವಿಷ್ಣುಪಂತರಿಗೆ ಚುಚ್ಚಿತು. ಅವರು ಪಣ ತೊಟ್ಟರು. 1880ರ ಮಾರ್ಚ್ 20ರಂದು ಮುಂಬಯಿಯಲ್ಲಿ ತಮ್ಮದೇ 'ಗ್ರೇಟ್ ಇಂಡಿಯನ್ ಸರ್ಕಸ್' ಶುರು ಮಾಡಿಯೇ ಬಿಟ್ಟರು.

ಇದು ಮನೆಯವರ ಸರ್ಕಸ್. ಕುದುರೆಯ ಆಟ ವಿಷ್ಣುಪಂತರದು. ಅವರ ಹೆಂಡತಿ ತೂಗುವ ಉಯ್ಯಾಲೆಯ ಮೇಲೆ ಕಸರತ್ತು ಮಾಡಿದರು ಎಂದು ಸರ್ಕಸ್ಸಿನ ಚರಿತ್ರೆ ಬರೆದವರು ಹೇಳುತ್ತಾರೆ. ಆಗಿನ ಕಾಲದಲ್ಲಿ ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ಕಷ್ಟವಿತ್ತು. ಅಂಥದರಲ್ಲಿ ಸಾವಿರ ಕಣ್ಣುಗಳ ಮುಂದೆ ಎತ್ತರಕ್ಕೆ ಏರಿದ್ದು ಸಣ್ಣ ಮಾತಲ್ಲ. ವಿಷ್ಣುಪಂತರ ತಮ್ಮ ಕಾಶೀನಾಥಪಂತರು ಸರ್ಕಸ್ಸಿನ ಆಡಳಿತಕ್ಕೆ ಹೆಗಲು ಕೊಟ್ಟರು.

ಆ ಸೀಮೆಯಲ್ಲಿ ಇನ್ನೂ ಕೆಲವು ಸರ್ಕಸ್‌ಗಳು ಹುಟ್ಟಿದವು. ಮಿರಜದ ಹತ್ತಿರದ ಮ್ಹೈಸಾಳದ ದೇವಲ್ ಮನೆತನದ ಸರ್ಕಸ್ ಹೆಸರು ಮಾಡಿತು. 1880ರ ದಶಕದಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೂ ರೈಲು ಬಂತು. ರೈಲು ಬಂದದ್ದರಿಂದ ಆನೆ, ಕುದುರೆ, ಡೇರೆ, ಮಂದಿ ಎಲ್ಲವನ್ನೂ ಊರಿಂದ ಊರಿಗೆ ಒಯ್ಯುವುದು ಸುಲಭವಾಯಿತು.

ಡೇರೆಯೇ ಮನೆ

ಸರ್ಕಸ್ ಬೇರೆ ಕೆಲಸಗಳ ಹಾಗಲ್ಲ. ಗಿರಣಿಯ ಕೆಲಸ ಮುಗಿದರೆ ಮನೆಗೆ ಹೋಗುತ್ತೇವೆ. ಸರ್ಕಸ್ಸಿನವರಿಗೆ ಕೆಲಸದ ಜಾಗವೇ ಮನೆ. ಸಣ್ಣ ಸಣ್ಣ ಡೇರೆಗಳಲ್ಲಿ ಸಂಸಾರ. ಒಂದೇ ಕಡೆ ಅಡುಗೆ. ಅಲ್ಲೇ ಮದುವೆ, ಅಲ್ಲೇ ತೊಟ್ಟಿಲು. ಇಂದು ಹುಬ್ಬಳ್ಳಿ, ಮುಂದೆ ಬೆಳಗಾವಿ, ಆಮೇಲೆ ಸೊಲ್ಲಾಪುರ. ರೇಷನ್ ಕಾರ್ಡು ಯಾವ ಊರಲ್ಲಿ ಮಾಡಿಸಬೇಕು? ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು? ಊರೂರು ತಿರುಗುವ ತಾಯಿಗೆ ಇವು ದೊಡ್ಡ ಪ್ರಶ್ನೆಗಳು.

ವಿದ್ಯೆ ಮನೆಯಲ್ಲೇ ಕೈಯಿಂದ ಕೈಗೆ ಬರುತ್ತಿತ್ತು. ಪುಣೆಯಲ್ಲಿ 1902ರಲ್ಲಿ ಹುಟ್ಟಿದ ದಾಮೂ ಧೋತ್ರೆ ಸಣ್ಣ ಹುಡುಗನಾಗಿದ್ದಾಗಲೇ ಸೋದರಮಾವನ ಸರ್ಕಸ್ ಸೇರಿದರು. ಮುಂದೆ ಹುಲಿ-ಚಿರತೆಗಳನ್ನು ಪಳಗಿಸುವುದರಲ್ಲಿ ಪ್ರಸಿದ್ಧರಾಗಿ ಅಮೆರಿಕದ ದೊಡ್ಡ ಸರ್ಕಸ್‌ವರೆಗೂ ಹೋದರು.

ಖರ್ಚಿನ ಲೆಕ್ಕವನ್ನೂ ನೋಡೋಣ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಹುಲಿಗೆ ದಿನವೂ ಕಿಲೋಗಟ್ಟಲೆ ಮಾಂಸ ಬೇಕು. ಕುದುರೆಗೆ ಹುಲ್ಲು, ಹುರುಳಿ. ಮಳೆಗಾಲದಲ್ಲಿ ಮೈದಾನ ಕೆಸರಾಗುತ್ತದೆ. ಜನ ಬರುವುದಿಲ್ಲ, ಟಿಕೆಟ್ ಹರಿಯುವುದಿಲ್ಲ. ಆದರೆ ಹೊಟ್ಟೆ ಕೇಳುತ್ತದೆಯೇ? ಮನುಷ್ಯರಾದರೆ ಒಂದು ಹೊತ್ತು ತಡೆದಾರು. ಪಂಜರದ ಪ್ರಾಣಿ ಯಾರನ್ನು ಕೇಳಬೇಕು? ಈ ಮಾತು ನೆನಪಿನಲ್ಲಿ ಇರಲಿ. ಮುಂದೆ ಇದೇ ದೊಡ್ಡದಾಗುತ್ತದೆ.

ಕಾಶಿಯಲ್ಲಿ ಸಿಕ್ಕ ಗವಾಯಿ

ಛತ್ರೆಯವರ ಸರ್ಕಸ್ಸಿನಲ್ಲಿ ಆನೆ-ಕುದುರೆಗಳ ಜೊತೆ ಒಬ್ಬ ಗವಾಯಿಯೂ ಇದ್ದರು. ಇದು ನಮ್ಮ ಹುಬ್ಬಳ್ಳಿಗೂ ಸಂಬಂಧಪಟ್ಟ ಕತೆ.

ವಿಷ್ಣುಪಂತರಿಗೆ ಸಂಗೀತದ ಹುಚ್ಚು. ಗ್ವಾಲಿಯರಿನ ದೊಡ್ಡ ಗವಾಯಿ ಹದ್ದೂ ಖಾನರಲ್ಲಿ ಅವರು ಹಾಡು ಕಲಿತಿದ್ದರು. ಹದ್ದೂ ಖಾನರ ಮಗ ರಹಿಮತ್ ಖಾನ್. ದೇವರು ಕೊಟ್ಟ ಕಂಠ. ಆದರೆ ಮನಸ್ಸು ಕೆಟ್ಟು, ಅಫೀಮಿನ ಚಟಕ್ಕೆ ಬಿದ್ದು, ದಿಕ್ಕಿಲ್ಲದೆ ಅಲೆಯುತ್ತಿದ್ದರು. ಕಾಶಿಯಲ್ಲಿ ವಿಷ್ಣುಪಂತರ ಕಣ್ಣಿಗೆ ಬಿದ್ದರು. ಗುರುವಿನ ಮಗನನ್ನು ಬೀದಿಯಲ್ಲಿ ಬಿಟ್ಟು ಬರಲು ವಿಷ್ಣುಪಂತರಿಗೆ ಮನಸ್ಸಾಗಲಿಲ್ಲ. ಸರ್ಕಸ್ಸಿಗೇ ಕರೆದುಕೊಂಡು ಬಂದರು. ಉಣ್ಣಿಸಿ, ಉಡಿಸಿ, ಮಗುವಿನಂತೆ ನೋಡಿಕೊಂಡರು. ಸರ್ಕಸ್ ಹೋದ ಊರುಗಳಲ್ಲಿ ರಹಿಮತ್ ಖಾನರ ಹಾಡುಗಾರಿಕೆಯೂ ನಡೆಯಿತು. ಜನ ಅವರನ್ನು 'ಭೂಗಂಧರ್ವ' ಎಂದು ಕರೆದರು. ವಿಷ್ಣುಪಂತರು ತೀರಿಕೊಂಡ ಮೇಲೆ ತಮ್ಮ ಕಾಶೀನಾಥಪಂತರು ಅವರನ್ನು ಸಾಕಿದರು. 1922ರಲ್ಲಿ ರಹಿಮತ್ ಖಾನರು ಕುರುಂದವಾಡದಲ್ಲೇ ಕಣ್ಣು ಮುಚ್ಚಿದರು.

ಅವರ ಹಾಡು ಮಿರಜದ ಅಬ್ದುಲ್ ಕರೀಂ ಖಾನರ ಮನಸ್ಸಿನಲ್ಲಿ ನಾಟಿತು. ಕರೀಂ ಖಾನರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆ ನಮ್ಮ ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ಇಲ್ಲೇ ತೀರಿಕೊಂಡ ತಾಯಿ ಅವರು. ಹಾಡು ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು.

ನೋಡ್ರಿ, ಊರಿಲ್ಲದ ಆ ಸರ್ಕಸ್ ದಿಕ್ಕಿಲ್ಲದ ಒಬ್ಬರಿಗೆ ಮನೆಯಾಯಿತು. ಅವರ ಸ್ವರದ ಒಂದು ಎಳೆ ನಮ್ಮ ಊರಿನ ತನಕ ಹರಿದು ಬಂತು.

ತಲಶೇರಿಯ ಗುರು, ಬಂಗಾಲದ ಸುಶೀಲಾ

ವಿಷ್ಣುಪಂತರು ಊರೂರು ತಿರುಗುತ್ತ ಕೇರಳದ ತಲಶೇರಿಗೂ ಹೋದರು. ಅಲ್ಲಿ ಕೀಲೇರಿ ಕುಞಿಕಣ್ಣನ್ ಎಂಬ ಗರಡಿಯ ಗುರು ಇದ್ದರು. ಕಸರತ್ತಿನವರನ್ನು ತಯಾರು ಮಾಡಿಕೊಡಿ ಎಂದು ವಿಷ್ಣುಪಂತರು ಕೇಳಿದರು. 1901ರಲ್ಲಿ ತಲಶೇರಿಯ ಬಳಿಯ ಚಿರಕ್ಕರದಲ್ಲಿ ಆ ಗುರು ಸರ್ಕಸ್ ಕಲಿಸುವ ಶಾಲೆಯನ್ನೇ ತೆರೆದರು. ಅಲ್ಲಿ ಕಲಿತವರು ದೇಶದ ತುಂಬ ಹರಡಿ ತಮ್ಮ ತಮ್ಮ ಸರ್ಕಸ್ ಕಟ್ಟಿದರು.

ಬಂಗಾಲದಲ್ಲಿ ಪ್ರಿಯನಾಥ ಬೋಸರ ಸರ್ಕಸ್ ಇತ್ತು. ಅದರಲ್ಲಿ ಸುಶೀಲಾ ಸುಂದರಿ ಎಂಬ ಹೆಣ್ಣುಮಗಳು ಕೈಯಲ್ಲಿ ಯಾವ ಆಯುಧವೂ ಇಲ್ಲದೆ ಹುಲಿಗಳ ಪಂಜರದೊಳಗೆ ಹೋಗುತ್ತಿದ್ದಳು. ಹುಲಿಯ ಜೊತೆ ಆಡಿದ ಮೊದಲ ಭಾರತೀಯ ಮಹಿಳೆ ಎಂದು ಆಕೆಗೆ ಹೆಸರು. ಒಂದು ದಿನ ಹುಲಿಯೊಂದು ಮೇಲೆ ಬಿದ್ದು ಆಕೆಗೆ ದೊಡ್ಡ ಗಾಯ ಮಾಡಿತು. ಅಲ್ಲಿಗೆ ಆಕೆಯ ಆಟ ಮುಗಿಯಿತು.

ಗಂಡಿಗೆ ಸರಿಸಮವಾಗಿ ಹೆಣ್ಣು ದುಡಿದ ಜಾಗ ಸರ್ಕಸ್. ಆದರೆ ಚಪ್ಪಾಳೆ ಎಷ್ಟಿತ್ತೋ ಅಪಾಯವೂ ಅಷ್ಟೇ ಇತ್ತು. ಅಪಾಯ ನೋಡಲು ಬಂದವರಿಗೂ ಇತ್ತು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿತು. 90ಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ಅವರಲ್ಲಿ ಬಹಳ ಮಂದಿ ಮಕ್ಕಳು. ಜಾತ್ರೆಯಿರಲಿ, ಮದುವೆ ಪೆಂಡಾಲಿರಲಿ, ಒಳಗೆ ಹೋದ ಕೂಡಲೇ ಹೊರಗೆ ಬರುವ ದಾರಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಬೇಕು.

ಹುಲಿ ಬೆಂಕಿಯಲ್ಲಿ ಏಕೆ ಹಾರುತ್ತಿತ್ತು?

ಕಾಡಿನಲ್ಲಿ ಯಾವ ಹುಲಿಯೂ ಬೆಂಕಿಯ ಹತ್ತಿರ ಹೋಗುವುದಿಲ್ಲ. ಯಾವ ಆನೆಯೂ ತಲೆ ಕೆಳಗೆ ಮಾಡಿ ನಿಲ್ಲುವುದಿಲ್ಲ. ಹಾಗಾದರೆ ಸರ್ಕಸ್ಸಿನಲ್ಲಿ ಏಕೆ ಹಾಗೆ ಮಾಡುತ್ತಿದ್ದವು?

ಬೆಂಕಿಗಿಂತ ಚಾಬೂಕಿನ ಭಯ ಹೆಚ್ಚಾದಾಗ ಹುಲಿ ಹಾರುತ್ತದೆ. ಅಂಕುಶದ ಚುಚ್ಚು ನೆನಪಾದಾಗ ಆನೆ ಕುಳಿತುಕೊಳ್ಳುತ್ತದೆ. ಕೆಲವರು ಪ್ರೀತಿಯಿಂದ, ತಾಳ್ಮೆಯಿಂದ ಕಲಿಸಿದ್ದೂ ಉಂಟು. ಆದರೆ ಎಷ್ಟೋ ಕಡೆ ಹೊಡೆತ ಮತ್ತು ಹಸಿವೆಯಿಂದಲೇ ಕಲಿಸಿದರು. ಆಟ ಮುಗಿದ ಮೇಲೆ ಹುಲಿಗೆ ಸಣ್ಣ ಪಂಜರ. ಅದರಲ್ಲೇ ತಿರುಗಬೇಕು, ಅದರಲ್ಲೇ ಮಲಗಬೇಕು. ಆನೆಗೆ ಕಾಲಿಗೆ ಸರಪಳಿ. ಕುಣಿಯುವ ಕರಡಿಯ ಮೂತಿಗೆ ತೂತು ಹಾಕಿ ಹಗ್ಗ ಪೋಣಿಸುತ್ತಿದ್ದರು. ಹಗ್ಗ ಜಗ್ಗಿದಾಗ ನೋವಿಗೆ ಕರಡಿ ಎದ್ದು ನಿಲ್ಲುತ್ತಿತ್ತು. ನಾವು ಅದನ್ನು ಕುಣಿತ ಎಂದು ನೋಡಿ ನಕ್ಕೆವು.

"ನಮ್ಮ ಎತ್ತಿಗೂ ಮೂಗುದಾರ ಹಾಕ್ತೀವಲ್ರಿ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಎತ್ತು ತಲೆತಲಾಂತರದಿಂದ ಮನುಷ್ಯರ ಜೊತೆ ಬಾಳಿದ ಪ್ರಾಣಿ. ಕಾರಹುಣ್ಣಿಮೆಗೆ ಅದರ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಓಡಿಸಿ ಸಂತೋಷಪಡುತ್ತೇವೆ. ಹುಲಿ, ಕರಡಿ ಹಾಗಲ್ಲ, ಅವು ಕಾಡಿನವು. ಆದರೂ ಎತ್ತನ್ನೇ ಆಗಲಿ, ಹಸುವನ್ನೇ ಆಗಲಿ, ಬಡಿದು ಹಿಂಸಿಸಿದರೆ ಅದೂ ತಪ್ಪೇ. ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1960ರಲ್ಲೇ ನಮ್ಮ ದೇಶದಲ್ಲಿ ಕಾಯ್ದೆ ಬಂದಿದೆ.

ಕಾಯ್ದೆ ಬಂತು, ಪಂಜರ ತೆರೆಯಿತು

1998ರಲ್ಲಿ ಕೇಂದ್ರ ಸರಕಾರ ಒಂದು ಆದೇಶ ಹೊರಡಿಸಿತು. ಹುಲಿ, ಸಿಂಹ, ಚಿರತೆ, ಕರಡಿ, ಕೋತಿ, ಈ ಐದು ಪ್ರಾಣಿಗಳಿಗೆ ಆಟ ಕಲಿಸಬಾರದು, ಅವುಗಳಿಂದ ಆಟ ಆಡಿಸಬಾರದು ಎಂದಿತು. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು. ನಮ್ಮ ಹೊಟ್ಟೆಪಾಡಿನ ಗತಿ ಏನು ಎಂಬುದು ಅವರ ಪ್ರಶ್ನೆ. 2000ದಲ್ಲಿ ಕೇರಳ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿ ಹಿಡಿಯಿತು. ಮೂಕಪ್ರಾಣಿಗಳಿಗೂ ಮರ್ಯಾದೆಯಿಂದ ಬದುಕುವ ಹಕ್ಕಿದೆ ಎಂಬುದು ಆ ತೀರ್ಪಿನ ಸಾರ. 2001ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಒಪ್ಪಿತು. ಮುಂದೆ ಆನೆಗಳನ್ನು ಸರ್ಕಸ್ಸಿನಲ್ಲಿ ಇಡುವುದಕ್ಕೂ ಕಡಿವಾಣ ಬಿತ್ತು.

ಬಿಡುಗಡೆಯಾದ ಪ್ರಾಣಿಗಳು ಎಲ್ಲಿ ಹೋದವು? ಪಂಜರದಲ್ಲಿ ಬೆಳೆದ ಹುಲಿಗೆ ಬೇಟೆ ಬಾರದು. ಕಾಡಿಗೆ ಬಿಟ್ಟರೆ ಹಸಿದು ಸಾಯುತ್ತದೆ. ಅದಕ್ಕಾಗಿ ಪುನರ್ವಸತಿ ಕೇಂದ್ರಗಳನ್ನು ಮಾಡಿದರು. ಬೆಂಗಳೂರಿನ ಹತ್ತಿರ ಬನ್ನೇರುಘಟ್ಟದಲ್ಲಿ ಇಂಥ ಕೇಂದ್ರವಿದೆ. ಸರ್ಕಸ್‌ಗಳಿಂದ ತಂದ ಎಷ್ಟೋ ಹುಲಿ-ಸಿಂಹಗಳು ತಮ್ಮ ಕೊನೆಯ ದಿನಗಳನ್ನು ಅಲ್ಲಿ ಕಳೆದವು. ಕರಡಿಗಳಿಗೂ ಅಲ್ಲಿ ಜಾಗವಿದೆ. 2009ರ ಡಿಸೆಂಬರಿನಲ್ಲಿ 'ರಾಜು' ಎಂಬ ಕರಡಿಯನ್ನು ಅಲ್ಲಿಗೆ ತಂದರು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಅದನ್ನು ಕರೆದರು.

ಇಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಕರಡಿ ಕಸಿದುಕೊಂಡು ಖಲಂದರರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬೇರೆ ಉದ್ಯೋಗ ಹಿಡಿಯಲು ಹಣ ಕೊಟ್ಟರು. ಹೆಣ್ಣುಮಕ್ಕಳಿಗೆ ಕೈಕೆಲಸ ಕಲಿಸಿದರು, ಮಕ್ಕಳನ್ನು ಶಾಲೆಗೆ ಹಾಕಿದರು. ಹಳೆಯ ಕಸುಬು ಬಿಡಿಸಿದರೆ ಸಾಲದು, ಹೊಸ ಅನ್ನದ ದಾರಿಯನ್ನೂ ತೋರಿಸಬೇಕು.

ಹೆಬ್ಬೆಟ್ಟಿನ ಕರಾರು

ಮೂಕಪ್ರಾಣಿಗಳ ಹಾಗೆ ಮಾತಾಡಲಾಗದವರು ಸರ್ಕಸ್ಸಿನಲ್ಲಿ ಇನ್ನೂ ಇದ್ದರು. ಅವರು ಸಣ್ಣ ಮಕ್ಕಳು.

ಮೊದಲು ಮನೆಯ ಮಕ್ಕಳೇ ಮನೆಯ ವಿದ್ಯೆ ಕಲಿಯುತ್ತಿದ್ದರು. ಆಮೇಲೆ ದಲ್ಲಾಳಿಗಳು ಹುಟ್ಟಿಕೊಂಡರು. ನೇಪಾಳದ ಬಡ ಹಳ್ಳಿಗಳಿಂದ ಸಣ್ಣ ಹುಡುಗಿಯರನ್ನು ತಂದು ಸರ್ಕಸ್‌ಗಳಿಗೆ ಸೇರಿಸಿದರು. "ಮಗಳಿಗೆ ಒಳ್ಳೆಯ ಊಟ, ಒಳ್ಳೆಯ ಸಂಬಳ" ಎಂದು ತಾಯಿತಂದೆಯರನ್ನು ನಂಬಿಸಿದರು. ಹಲವು ವರ್ಷಗಳ ಕರಾರು ಪತ್ರ ಮಾಡಿಕೊಂಡರು. ಓದಲು ಬಾರದವರಿಗೆ ಅದರಲ್ಲಿ ಏನು ಬರೆದಿದೆ ಎಂದು ಹೇಗೆ ತಿಳಿಯಬೇಕು? ಒಂದು ಹೆಬ್ಬೆಟ್ಟಿಗೆ ಮಗಳ ಬಾಲ್ಯವೇ ಹೋಯಿತು. ಹೊಡೆತ ತಿಂದವರು, ಮನೆ ಕಾಣದೆ ಬೆಳೆದವರು ಎಷ್ಟೋ ಮಂದಿ.

ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್ 18ರಂದು ತೀರ್ಪು ಬಂತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದು, ಇದ್ದ ಮಕ್ಕಳನ್ನು ಬಿಡಿಸಿ ಪುನರ್ವಸತಿ ಮಾಡಬೇಕು ಎಂದು ಕೋರ್ಟು ಹೇಳಿತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಾಲೆ ಉಚಿತ ಎಂಬ ಕಾಯ್ದೆ ಕೂಡ 2009ರಲ್ಲಿ ಆಗಿದೆ. ಸರ್ಕಸ್ಸಿರಲಿ, ಹೋಟೆಲಿರಲಿ, ಇಟ್ಟಿಗೆ ಭಟ್ಟಿಯಿರಲಿ, ಎಲ್ಲಿಯಾದರೂ ಮಕ್ಕಳನ್ನು ಹಿಂಸಿಸಿ ದುಡಿಸುವುದು ಕಂಡರೆ 1098 ನಂಬರಿಗೆ ಫೋನು ಮಾಡಿರಿ. ದುಡ್ಡು ಬೀಳುವುದಿಲ್ಲ.

ಅಕ್ಕಂದಿರೇ, ನಾವು ಓದು ಕಲಿಯುವುದು ಇದಕ್ಕಾಗಿಯೇ. ಯಾವ ಕಾಗದವೇ ಇರಲಿ, ಪೂರ್ತಿ ಓದದೆ ಸಹಿ ಮಾಡಬಾರದು. ತಿಳಿಯದಿದ್ದರೆ ನಂಬಿಕೆಯ ಒಬ್ಬರಿಂದ ಓದಿಸಿ ಕೇಳಬೇಕು.

ಈಗ ಸರ್ಕಸ್ ಹೇಗಿದೆ?

ಸರ್ಕಸ್ ಪೂರ್ತಿ ಮುಗಿದಿಲ್ಲ. ಆದರೆ ಬಡವಾಗಿದೆ. ಟಿ.ವಿ., ಮೊಬೈಲು ಬಂದವು. ಊರ ನಡುವಿನ ಮೈದಾನಗಳು ಕಡಿಮೆಯಾದವು, ಬಾಡಿಗೆ ಏರಿತು. 2020ರಲ್ಲಿ ಕೊರೋನಾ ಬಂದಾಗ ಸರ್ಕಸ್ಸಿನವರು ಇದ್ದ ಊರುಗಳಲ್ಲೇ ಸಿಕ್ಕಿಬಿದ್ದರು. ಆಟವಿಲ್ಲ, ಗಳಿಕೆಯಿಲ್ಲ. ಊರಿನ ಜನ ಕೊಟ್ಟ ಅಕ್ಕಿ-ಬೇಳೆಯಲ್ಲಿ ದಿನ ಕಳೆದವರೂ ಇದ್ದರು.

ಈಗ ದೊಡ್ಡವರೇ ತಮ್ಮ ಮೈ ಬಲದಿಂದ ಕಸರತ್ತು ತೋರಿಸುತ್ತಾರೆ. ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುತ್ತಾರೆ. ಜೋಕರ್ ನಗಿಸುತ್ತಾನೆ. ಕೆಲವು ಕಡೆ ಯಂತ್ರದ ಆನೆ ಸೊಂಡಿಲು ಎತ್ತುತ್ತದೆ. ಕೇರಳ ಸರಕಾರ ವಯಸ್ಸಾದ ಸರ್ಕಸ್ ಕಲಾವಿದರಿಗೆ ಪಿಂಚಣಿ ಕೊಡುತ್ತದೆ. ಇಂಥ ಆಸರೆ ಊರೂರು ತಿರುಗುವ ಎಲ್ಲ ಕಲಾವಿದರಿಗೂ ಬೇಕು.

ಕೆಲವರು ಹೇಳುತ್ತಾರೆ, "ಹುಲಿ ಇಲ್ಲದ ಸರ್ಕಸ್ ಎಂಥಾ ಸರ್ಕಸ್ಸು?" ಆದರೆ ಸರ್ಕಸ್ ಎಂದರೆ ಹುಲಿ ಮಾತ್ರವಲ್ಲ. ಕುರುಂದವಾಡದ ಒಬ್ಬ ಸವಾರನ ಛಲ, ಉಯ್ಯಾಲೆ ಏರಿದ ಹೆಣ್ಣುಮಗಳ ಧೈರ್ಯ, ದಿಕ್ಕಿಲ್ಲದ ಗವಾಯಿಗೆ ಸಿಕ್ಕ ತುತ್ತು ಅನ್ನ, ಇವೆಲ್ಲ ಸೇರಿ ಸರ್ಕಸ್. ಆ ಮನೆ ಉಳಿಯಲಿ. ಆದರೆ ಆ ಮನೆಯ ಒಲೆ ಉರಿಯಲು ಮೂಕಪ್ರಾಣಿಯ ನೋವು, ಮಕ್ಕಳ ಕಣ್ಣೀರು ಸೌದೆಯಾಗಬಾರದು.

ಮುಂದಿನ ಸಲ ನಮ್ಮ ಊರಿಗೆ ಸರ್ಕಸ್ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗೋಣ. ಟಿಕೆಟಿನ ಮೇಲೆ ಬರೆದದ್ದನ್ನು ನಾವೇ ಓದೋಣ. ಆಟ ಚಲೋ ಆದರೆ ಕೈ ನೋಯುವ ತನಕ ಚಪ್ಪಾಳೆ ತಟ್ಟೋಣ.

ಕೂಡಿ ಮಾತಾಡೋಣ

1. ನಿಮ್ಮ ಊರಿಗೆ ಯಾವ ಯಾವ ಆಟದವರು ಬರುತ್ತಿದ್ದರು? ಈಗ ಅವರು ಏನು ಮಾಡುತ್ತಿದ್ದಾರೆ?
2. ಕರಡಿಯ ನೋವು ಒಂದು ಕಡೆ, ಕರಡಿ ಆಡಿಸುವವರ ಹಸಿವು ಇನ್ನೊಂದು ಕಡೆ. ಎರಡನ್ನೂ ಕಳೆಯುವ ದಾರಿ ಯಾವುದು?
3. ಊರೂರು ತಿರುಗುವವರ ಮಕ್ಕಳು ಶಾಲೆ ಕಲಿಯಲು ನಾವು ಏನು ಮಾಡಬಹುದು?
4. ಓದದೆ ಹೆಬ್ಬೆಟ್ಟು ಒತ್ತಿ ತೊಂದರೆಗೆ ಸಿಕ್ಕವರು ನಿಮಗೆ ಗೊತ್ತೇ? ಹೆಸರು ಹೇಳದೆ ಆ ಸಂಗತಿಯನ್ನು ಎಲ್ಲರಿಗೂ ತಿಳಿಸಿರಿ.